ಬಾಣಂತಿ ಕೋಣೆಯ ಬೆಳಕು

ನವೆಂಬರ್ ೬, ಗುರುವಾರ

ಈ ಮನೆಯಲ್ಲಿ ಕೂಸು ಹಳದಿಯಾಗಿ ಕಾಣುತ್ತಿರುವುದು ನನಗೊಬ್ಬಳಿಗೇ. ಬರೆದಿಟ್ಟರೆ ತಲೆಯೊಳಗಿನ ಗಿರಕಿ ನಿಂತೀತೇನೋ ಎಂದು, ಕಾಲೇಜಿನಲ್ಲಿ ಬಿಟ್ಟುಹೋದ ಅಭ್ಯಾಸಕ್ಕೆ ಮತ್ತೆ ಕೈ ಹಾಕಿದ್ದೇನೆ.

ಹುಟ್ಟಿದ ಮೇಲೆ ರಾಯಚೂರಿನ ಆಸ್ಪತ್ರೆಯಲ್ಲಿ ಕಾಮಾಲೆ ಎಂದು ಇವಳನ್ನು ನೀಲಿ ದೀಪದ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಕಣ್ಣಿಗೆ ಬಟ್ಟೆ ಕಟ್ಟಿದ್ದ ಅಂಗೈಯಷ್ಟು ಮೈ. ಗಾಜಿನ ಈಚೆ ನಿಂತು ನೋಡುವುದಕ್ಕೂ ನನಗೆ ಆಗುತ್ತಿರಲಿಲ್ಲ. ಹೆರಿಗೆಯಲ್ಲಿ ರಕ್ತ ಬಹಳ ಹೋಗಿತ್ತು, ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಬಂದು ತೋರಿಸಿದರು. ಬಿಡುಗಡೆಯ ದಿನ ಡಾಕ್ಟರಮ್ಮ ಹೇಳಿದ್ದು ಇಷ್ಟು: "ಮತ್ತ ಹಳದಿ ಕಂಡ್ರ ತಡಾ ಮಾಡಬ್ಯಾಡ್ರಿ. ಲೈಟಿನಾಗ ನೋಡಬ್ಯಾಡ್ರಿ, ಹಗಲ ಬೆಳಕಿನಾಗ ನೋಡ್ರಿ."

ಹಗಲ ಬೆಳಕು ಎಲ್ಲಿಂದ ತರಲಿ? ಮಾನ್ವಿಯ ತವರುಮನೆಯಲ್ಲಿ ನನಗೆ ಕೊಟ್ಟಿರುವುದು ಹಿಂದಿನ ಕೋಣೆ. ಇರುವ ಒಂದು ಕಿಟಕಿಗೆ, ಗಾಳಿ ಬಡಿಯಬಾರದೆಂದು ಕೌದಿ ಬಡಿದಿದ್ದಾರೆ. ಗೋಡೆಗೆ ಹಳದಿ ಡಿಸ್ಟೆಂಪರ್, ನೆತ್ತಿಯ ಮೇಲೆ ಹಳದಿ ಬಲ್ಬು. ಅದರ ಕೆಳಗೆ ಎರೆಯುವ ಬೂದೆಮ್ಮ ದಿನಾ ಕೂಸಿಗೆ ಹರಳೆಣ್ಣೆ ತಿಕ್ಕಿ, ಅರಿಷಿಣ ಬಳಿದು ನೀರು ಹಾಕುತ್ತಾಳೆ. ಆಮೇಲೆ ನನಗೂ ಅದೇ ಎಣ್ಣೆ, ಅದೇ ಅರಿಷಿಣ.

ಇವತ್ತು ಧೈರ್ಯ ಮಾಡಿ ಕೇಳಿದೆ. "ಯವ್ವಾ, ಕೂಸಿನ ಕಣ್ಣು ಹಳದಿ ಕಾಣಸ್ತಾವ ನೋಡು."

"ಅರಿಷಿಣ ಹಚ್ಚಿದ ಮಾರಿ, ಕೆಂಪು ಕಾಣಸ್ತದೇನು?" ಅಂದಳು ಅವ್ವ.

"ಕಣ್ಣಾಗ ಯಾರು ಅರಿಷಿಣ ಹಚ್ಚತಾರ?"

ಬೂದೆಮ್ಮ ಕೂಸಿನ ಬೆನ್ನಿಗೆ ನೀರು ಹೊಯ್ಯುತ್ತಲೇ ನಕ್ಕಳು. "ಓದಿದ ಬಾಣಂತಿ ಸಹವಾಸ ಬಲು ತ್ರಾಸ ನೋಡ್ರಿ ಚನ್ನಮಲ್ಲಮ್ಮ. ಓದಲಾರದಾಕಿ ಆದ್ರ ಉಂಡು ಮಕ್ಕೊಂತಾಳ. ಇಕಿ ಎಮ್ಮಿ ಯಾಪಾರಕ್ಕ ಬಂದಾಕಿಯಂಗ ಕಣ್ಣು ಬಿಚ್ಚಿ ಬಿಚ್ಚಿ ನೋಡತಾಳ."

ಅವ್ವನೂ ನಕ್ಕಳು. ಕೂಸು ಬಿಸಿನೀರಿಗೆ ಕಣ್ಣು ಮುಚ್ಚಿಕೊಂಡಿತ್ತು. ನಾನು ಎಷ್ಟು ಹೊತ್ತು ಕಾದು ಕೂತರೂ ಕಣ್ಣು ಬಿಡಲಿಲ್ಲ.

ನವೆಂಬರ್ ೮, ಶನಿವಾರ

ಫೋನಿನಲ್ಲಿ ತೆಗೆದ ಚಿತ್ರಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದೆ. ಬಲ್ಬಿನ ಕೆಳಗೆ ತೆಗೆದದ್ದರಲ್ಲಿ ಕೂಸು ಬಾಳೆಹಣ್ಣಿನ ಬಣ್ಣ. ಬಾಗಿಲ ಹತ್ತಿರ ತೆಗೆದದ್ದರಲ್ಲಿ ಬೂದಿ ಬಣ್ಣ. ಫ್ಲ್ಯಾಶ್ ಹಾಕಿದರೆ ನೀಲಿ. ಒಂದೇ ಕೂಸು, ಒಂದೇ ದಿನ.

ಮಸರಕಲ್ಲಿಗೆ, ನನ್ನ ಗಂಡ ಮೌನೇಶನಿಗೆ ಕಳಿಸಿದೆ. ಅಲ್ಲಿ ಹೈಸ್ಕೂಲಿನಲ್ಲಿ ಗಣಿತ ಹೇಳುವ ಮನುಷ್ಯ. ಉತ್ತರ ಬಂತು: "ಚಂದ ಕಾಣಸ್ತಾಳ." ಹಿಂದೆ ಒಂದು ಹೃದಯದ ಚಿತ್ರ. ಬಣ್ಣ ಹೇಗಿದೆ ಹೇಳು ಎಂದು ಮತ್ತೆ ಕೇಳಿದೆ. "ನಿಮ್ಮವ್ವನ ಬಣ್ಣ," ಎಂದು ಬಂತು.

ಮಧ್ಯಾಹ್ನ ಅವ್ವ ನನ್ನ ಮಾತ್ರೆಗಳನ್ನು ದೇವರ ಗೂಡಿನ ಮೇಲೆ ಎತ್ತಿಟ್ಟಳು. ಕಬ್ಬಿಣದ ಮಾತ್ರೆ ಉಷ್ಣವಂತೆ, ಹಾಲಿನಲ್ಲಿ ಇಳಿದು ಕೂಸಿನ ಹೊಟ್ಟೆ ಕೆಡಿಸುತ್ತದಂತೆ. ನಾನೂ ಜಗಳ ತೆಗೆಯಲಿಲ್ಲ. ಕೂಸಿನ ಕಣ್ಣಿನ ವಿಷಯದಲ್ಲಿ ಜಗಳಕ್ಕೆ ಶಕ್ತಿ ಉಳಿಸಿಕೊಳ್ಳಬೇಕು. ಊಟಕ್ಕೆ ಮೆತ್ತನ್ನ ಅನ್ನ, ಬೆಳ್ಳುಳ್ಳಿ, ಮೆಣಸಿನ ಪುಡಿ, ಒಣಕೊಬ್ಬರಿ. ಪಲ್ಯ ಇಲ್ಲ, ಬೇಳೆ ಇಲ್ಲ. ಪಥ್ಯ. ಊಟಕ್ಕಿಂತ ಅಪ್ಪ ಮಿಲ್ಲಿನಿಂದ ತರುವ ಹೊಸ ಅಕ್ಕಿಯನ್ನು ಹಸಿಯಾಗಿ ಬಾಯಿಗೆ ಹಾಕಿಕೊಂಡು ಅಗಿಯುವುದೇ ರುಚಿ. ಸೆರಗಿನಲ್ಲಿ ಒಂದು ಹಿಡಿ ಯಾವಾಗಲೂ ಇರುತ್ತದೆ.

ನೋಡಲು ಬಂದವರೆಲ್ಲ ಬಾಣಂತಿ ಕಳೆ ಬಂದಿದೆ, ಮುಖ ಬಂಗಾರ ಆಗಿದೆ ಎನ್ನುತ್ತಾರೆ. ಬಲ್ಬಿನ ಕೆಳಗೆ ಕೂತರೆ ಯಾರ ಮುಖ ಬಂಗಾರವಲ್ಲ?

ನವೆಂಬರ್ ೯, ರವಿವಾರ

ಮೌನೇಶ ಸಿರವಾರದ ಮೇಲೆ ಹಾದು ಬಂದ. ನಾನು ಫೋನಿನಲ್ಲಿ ಹೇಳಿದ್ದಂತೆ ಟ್ರಂಕಿನಿಂದ ನನ್ನ ಕ್ಯಾಮೆರಾ ತಂದಿದ್ದಾನೆ. ಕಾಲೇಜಿನ ಕೊನೆಯ ವರ್ಷ ಹಟ ಹಿಡಿದು ಕೊಂಡ ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ. ಮದುವೆಯಾದ ಮೇಲೆ ಅದರ ಪಟ್ಟಿಗೆ ಬೂಷ್ಟು ಹಿಡಿದಿದೆ.

"ಎಲ್ಲಾರ ಹೇಣ್ತೇರು ಜೋಳಿಗಿ ತಾ, ಗಿಲಕಿ ತಾ ಅಂತಾರ," ಅಂದ, ಬಾಗಿಲಲ್ಲಿ ನಿಂತುಕೊಂಡೇ. ಒಳಗೆ ಬರುವ ಹಾಗಿಲ್ಲ.

"ಖರೇ ಬಣ್ಣ ನೋಡಬೇಕಾಗೇದ ನನಗ."

"ಕಣ್ಣಿಲ್ಲೇನು?"

"ನನ್ನ ಕಣ್ಣು ಯಾರೂ ನಂಬಾಕತ್ತಿಲ್ಲಲ್ಲ."

ಕೂಸನ್ನು ಅವ್ವ ಹೊರಗೆ ಒಯ್ದು ತೋರಿಸಿದಳು. ನನ್ನನ್ನು ತೋರಿಸುವ ಪದ್ಧತಿ ಇಲ್ಲ. ಪಡಸಾಲೆಯಲ್ಲಿ ಅವನು ಅಪ್ಪನ ಜೊತೆ ಭತ್ತದ ಧಾರಣೆ ಮಾತಾಡುವುದು ಕೇಳಿಸುತ್ತಿತ್ತು. ಸಂಜೆ ಬಸ್ಸಿಗೆ ಹೋದ. ಹೋಗುವಾಗ ಬಾಗಿಲಲ್ಲಿ ಮತ್ತೆ ನಿಂತು, "ನಿದ್ದಿ ಮಾಡು ಶೈಲೂ," ಅಂದ. ಎಲ್ಲರೂ ಅದನ್ನೇ ಹೇಳುತ್ತಾರೆ, ನಿದ್ದೆ ಎನ್ನುವುದು ಗೂಡಿನ ಮೇಲಿಟ್ಟ ಡಬ್ಬಿ, ಕೈ ಚಾಚಿ ತೆಗೆದುಕೊಂಡರೆ ಮುಗಿಯಿತು ಎನ್ನುವ ಹಾಗೆ.

ನವೆಂಬರ್ ೧೨, ಬುಧವಾರ

ಎರಡು ದಿನ ಇದೇ ಕೆಲಸ.

ಕ್ಯಾಮೆರಾಕ್ಕೆ ಬಿಳಿ ಯಾವುದೆಂದು ತಾನಾಗಿ ಗೊತ್ತಾಗುವುದಿಲ್ಲ. ನಾವು ಕಲಿಸಬೇಕು. ಲೆನ್ಸಿನ ಬಾಯಿಗೆ ಹಾಲಿನಂಥ ಒಂದು ಬಿಳಿ ತೆರೆ ಕಟ್ಟಿ, ಕೂಸು ಮಲಗುವ ಜಾಗದಿಂದ ಬಲ್ಬಿನ ಕಡೆ ತಿರುಗಿಸಿ ಒಂದು ಚಿತ್ರ ತೆಗೆಯಬೇಕು. ಚಿತ್ರದಲ್ಲಿ ಏನೂ ಕಾಣದು, ಬರೀ ಬೆಳಕಿನ ಬಣ್ಣ. ಇದೇ ಬಿಳಿ ಎಂದುಕೋ ಎಂದು ಕ್ಯಾಮೆರಾಕ್ಕೆ ಒಪ್ಪಿಸಿದರೆ, ಆಮೇಲೆ ತೆಗೆದ ಚಿತ್ರಗಳಲ್ಲಿ ಅದು ಬಲ್ಬಿನ ಹಳದಿಯನ್ನು ಕಳೆದುಬಿಡುತ್ತದೆ. ಆಗ ಉಳಿದ ಹಳದಿ ಕೂಸಿನದೇ. ಇದಕ್ಕೆಂದೇ ಮಾಡಿದ ತೆರೆ ಪೇಟೆಯಲ್ಲಿ ಸಿಗುತ್ತದೆ, ವೈಟ್ ಬ್ಯಾಲೆನ್ಸ್ ಫಿಲ್ಟರ್ ಎಂದು. ಅದರ ಬೆಲೆಗೆ ಕೂಸಿಗೆ ತೊಟ್ಟಿಲು ಬರುತ್ತದೆ, ತರಿಸುವ ಮಾತೇ ಇಲ್ಲ. ಕಾಲೇಜಿನಲ್ಲಿ ನಾನೂ ಗೆಳತಿ ಜಾಹೆದಾನೂ ಸೇರಿ ಇಂಥದೊಂದನ್ನು ಕೈಯಲ್ಲೇ ಮಾಡಿದ್ದೆವು. ಆಗ ಮಾಡಿದ್ದು ಟ್ರೇಸಿಂಗ್ ಹಾಳೆಯಲ್ಲಿ. ಈಗ ಹಾಳೆ ತರಲು ಯಾರನ್ನು ಕಳಿಸಲಿ?

ಅಪ್ಪನ ಹಳೆಯ ಪಂಚೆ ಕೂಸಿನ ಕೆಳಗೆ ಹಾಸಲು ಕೊಟ್ಟಿದ್ದರು. ಮಿಲ್ಲಿನ ಗುಮಾಸ್ತನಾದರೂ ಅಪ್ಪ ಪಂಪಾಪತಿಯ ಪಂಚೆಯ ಬಿಳುಪು ಮಾನ್ವಿಯಲ್ಲೇ ಹೆಸರುವಾಸಿ. ಒಂದು ತುಂಡು ಹರಿದು, ಎರಡು ಪದರ ಮಾಡಿ, ಬಳೆಯೊಂದಕ್ಕೆ ಬಿಗಿದು ದಾರ ಸುತ್ತಿದೆ. ಬಳೆ ಲೆನ್ಸಿನ ಬಾಯಿಗೆ ಸರಿಯಾಗಿ ಕೂತಿತು. ಬೆಳಕು ಅಳೆದೆ. ಕೂಸಿನ ಮುಖ ಒದ್ದೆ ಬಟ್ಟೆಯಿಂದ ಒರೆಸಿ, ಅರಿಷಿಣ ಪೂರ್ತಿ ತೆಗೆದು ಕ್ಲಿಕ್ ಮಾಡಿದೆ.

ಹಳದಿ. ಬಾಳೆಹಣ್ಣಲ್ಲ, ಅದಕ್ಕಿಂತ ಗಾಢ, ಚಂಡುಹೂವಿನ ಹಳದಿ. ಮುಖ, ಎದೆ, ಅಂಗಾಲು ಎಲ್ಲಾ.

ಅವ್ವನನ್ನು ಕೂಗಿದೆ. ಎಷ್ಟು ಜೋರಾಗಿ ಕೂಗಿದೆನೆಂದರೆ ಪಕ್ಕದ ಮನೆಯ ಕುಬ್ರಾ ಬೇಗಂ ಗೋಡೆಯಾಚೆಯಿಂದ "ಕ್ಯಾ ಹುವಾ" ಎಂದರು. ಚಿತ್ರ ನೋಡಿ ಅವ್ವನ ಮುಖ ಇಳಿಯಿತು. ನಾಳೆ ಬೆಳಿಗ್ಗೆ ರಾಯಚೂರಿಗೆ. ಮೌನೇಶ ರಜೆ ಹಾಕಿ ಅಲ್ಲಿಗೇ ಬರುತ್ತಾನೆ.

ನವೆಂಬರ್ ೧೩, ಗುರುವಾರ

ಕೂಸಿಗೆ ಏನೂ ಆಗಿಲ್ಲ.

ನನ್ನ ತಲೆಗೆ ಕಿವಿ ಮುಚ್ಚುವ ಹಾಗೆ ಶಾಲು ಸುತ್ತಿ, ಮುಖಕ್ಕೆ ಅರಿಷಿಣ ಬಳಿದು, ಗಾಳಿ ತಾಗದಂತೆ ಗಾಜು ಏರಿಸಿದ ಕಾರಿನಲ್ಲಿ ಕರೆದೊಯ್ದರು. ಕಪಗಲ್ ದಾಟಿದ ಮೇಲೆ ರಸ್ತೆಯ ಒಂದು ಮಗ್ಗುಲಿಗೆ ಭತ್ತ ಒಣಹಾಕಿದ್ದರು, ಆ ಹೊಳಪಿಗೆ ಕಣ್ಣು ಬಿಡಲಾಗಲಿಲ್ಲ. ಮಕ್ಕಳ ಡಾಕ್ಟರು ಕೂಸನ್ನು ಕಿಟಕಿಯ ಹತ್ತಿರ ಒಯ್ದು ನೋಡಿದರು, ಹಿಮ್ಮಡಿಯಿಂದ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಕೂಸು ಚೀರಿದ್ದಕ್ಕೆ ಅವ್ವ ನನ್ನ ಕಡೆ ನೋಡಿದಳು.

"ಕಾಮಾಲಿ ಇಲ್ಲ, ಏನಿಲ್ಲ. ತೂಕಾನೂ ಛಲೋ ಅದ," ಅಂದರು ಡಾಕ್ಟರು. ಕ್ಯಾಮೆರಾದ ಚಿತ್ರ ತೋರಿಸಿದೆ. ಅವರು ನಗಲಿಲ್ಲ, ಅದೇ ಒಂದು ಉಪಕಾರ. "ತಾಯಿಗೆ ನಿದ್ದಿ ಕಡಿಮಿ ಆದ್ರ ಹಿಂಗ ಅನಸ್ತದ," ಎಂದು ಮೌನೇಶನಿಗೆ ಹೇಳಿದರು, ನನಗಲ್ಲ.

ನನಗೆ ಸಂತೋಷ ಆಗಬೇಕಿತ್ತು.

ನವೆಂಬರ್ ೧೭, ಸೋಮವಾರ

ಅವ್ವ ಹೋದಲ್ಲೆಲ್ಲ ಹೇಳಿದ್ದಾಳೆ. ಬೂದೆಮ್ಮ ಇವತ್ತು ಕೂಸಿಗೆ ಎರೆದು, "ಬಾರವ್ವ, ನಿನ್ನ ಪೋಟೋದ ಡಬ್ಬಿ ತಾ, ಕೂಸು ಕರ್ರಗಾಗೇದೋ ಬೆಳ್ಳಗಾಗೇದೋ ಕೇಳಿ ಹೇಳು," ಅಂದಳು. ನಕ್ಕುಬಿಟ್ಟೆ. ನಗದಿದ್ದರೆ ಇನ್ನೂ ದೊಡ್ಡದಾಗುತ್ತದೆ.

ಕೌದಿಯ ಅಂಚಿನಲ್ಲಿ ಒಂದು ಗೆರೆ ಬಿಸಿಲು ಬರುತ್ತದೆ. ಮಧ್ಯಾಹ್ನ ಅದು ಹಾಸಿಗೆಯ ಮೇಲೆ ಬೆರಳಷ್ಟು ಅಗಲ ಇರುತ್ತದೆ. ಅದನ್ನೇ ನೋಡುತ್ತ ಕೂತಿದ್ದೆ. ಮೌನೇಶನ ಫೋನು ಬಂದಿಲ್ಲ. ನಾನೂ ಮಾಡಿಲ್ಲ.

ನವೆಂಬರ್ ೧೯, ಬುಧವಾರ

ಸಿಕ್ಕಿತು.

ಬಚ್ಚಲಿಗೆ ಹೋಗುವಾಗ ಅವ್ವ ಹಿತ್ತಲಲ್ಲಿ ಅಪ್ಪನ ಪಂಚೆಗಳನ್ನು ಬೋಗುಣಿಯಲ್ಲಿ ಅದ್ದುತ್ತಿದ್ದಳು. ಬೋಗುಣಿಯ ನೀರು ನೀಲಿ. ಮಿಲ್ಲಿನ ಹೊಟ್ಟಿನ ಬೂದಿ ಗಾಳಿಯಲ್ಲಿ ಹಾರಿ ಬಂದು ಊರಿನ ಬಿಳಿ ಬಟ್ಟೆಗಳನ್ನೆಲ್ಲ ಮಂಕು ಮಾಡುತ್ತದೆ, ಅದಕ್ಕೆ ಇಲ್ಲಿ ಎಲ್ಲರೂ ನೀಲಿ ಜಾಸ್ತಿ ಹಾಕುತ್ತಾರೆ. ಅವ್ವ ಇನ್ನೂ ಒಂದು ಕೈ ಜಾಸ್ತಿ.

ನಮ್ಮ ಕಣ್ಣಿಗೆ ಬಿಳಿಗಿಂತ ಬಿಳಿಯಾಗಿ ಕಂಡದ್ದು ನೀಲಿಯೇ. ಆ ಬಟ್ಟೆಯ ಮೂಲಕ ನೋಡಿದ ಕ್ಯಾಮೆರಾ, ಕೋಣೆಯ ಬೆಳಕಿನಲ್ಲಿ ನೀಲಿ ಇದೆ ಎಂದು ನಂಬಿ, ಅದನ್ನು ಕಳೆಯಲು ಕೂಸಿನ ಮೇಲೆ ಹಳದಿ ಸುರಿದಿದೆ. ನನ್ನ ಕಣ್ಣಿಗೆ ಏನೂ ಆಗಿಲ್ಲ. ನನ್ನ ತಲೆಗೂ ಏನೂ ಆಗಿಲ್ಲ.

ಓಡಿಹೋಗಿ ಅವ್ವನಿಗೆ ಹೇಳಬೇಕೆನಿಸಿತು. ನಾಲ್ಕು ಹೆಜ್ಜೆಗೆ ಎದೆ ಬಡಿದುಕೊಂಡು ಬಚ್ಚಲ ಗೋಡೆ ಹಿಡಿದು ನಿಂತೆ. ಆಮೇಲೆ ಹೇಳಿದೆ.

"ಅಂದ್ರ ನಾ ನೀಲಿ ಹಾಕಿದ್ದಕ್ಕ ಕೂಸಿಗೆ ಸೂಜಿ ಚುಚ್ಚಿಸಿದ್ವಿ ಅಂತೀ?" ಅಂದಳು ಅವ್ವ.

ಹಾಗಲ್ಲ ಎಂದು ಹೇಳಲು ಬಾಯಿ ತೆರೆದೆ. ಉಸಿರು ಸಾಲಲಿಲ್ಲ, ಬಿಟ್ಟೆ.

ನವೆಂಬರ್ ೨೧, ಶುಕ್ರವಾರ

ಹೊಸ ಫಿಲ್ಟರ್. ಈ ಸಲ ಬಟ್ಟೆಯ ಮೇಲೆ ಭರವಸೆ ಇಡಲಿಲ್ಲ. ಮನೆಯಲ್ಲಿದ್ದ ಡಬ್ಬಿಗಳ ಮುಚ್ಚಳಗಳನ್ನೆಲ್ಲ ಬಲ್ಬಿಗೆ ಹಿಡಿದು ನೋಡಿದೆ. ತುಪ್ಪದ ಡಬ್ಬಿಯದು ಹಳದಿ ತಿರುಗಿದೆ. ಖಾರದ ಪುಡಿಯದನ್ನು ಕೇಳುವುದೇ ಬೇಡ. ಗ್ಲೂಕೋಸ್ ಡಬ್ಬಿಯ ಮುಚ್ಚಳ ಮಾತ್ರ ಹಾಲಿನಂತೆ ಮಂಜು ಮಂಜು, ಬೆಳಕು ಹಾಯುತ್ತದೆ, ಆಚೆಯದು ಏನೂ ಕಾಣದು. ಅಂಚು ಕತ್ತರಿಸಿ ಬಳೆಯೊಳಗೆ ಕೂರಿಸಿದೆ. ಸುತ್ತಲಿನ ಬೆಳಕು ನುಸುಳದ ಹಾಗೆ ಕಪ್ಪು ದಾರ ಸುತ್ತಿ, ಪ್ರತಿ ಸುತ್ತಿಗೂ ಮೇಣ ಹಚ್ಚಿದೆ.

ಕೂಸಿನ ಮೇಲೆ ಪ್ರಯೋಗ ಮಾಡುವ ಮೊದಲು ತಟ್ಟೆಯಲ್ಲಿ ಉಪ್ಪು ಹಾಕಿಕೊಂಡು ಪರೀಕ್ಷೆ. ಉಪ್ಪು ಉಪ್ಪಿನಂತೆ ಬಂತು. ಸ್ಟೀಲು ಸ್ಟೀಲಿನಂತೆ. ಆಮೇಲೆ ಕೂಸು.

ಏನೆಂದು ಬರೆಯಲಿ. ತುಟಿ ಕೆಂಪು. ಕಿವಿಯ ತುದಿ ಇನ್ನೂ ಕೆಂಪು. ಅಂಗಾಲು ಈಗ ತಾನೇ ಬಿಡಿಸಿದ ದಾಳಿಂಬೆ. ಕಣ್ಣಿನ ಬಿಳಿ ಬಿಳಿಯಾಗಿಯೇ ಇದೆ, ಸ್ವಲ್ಪ ನೀಲಿಗೆ ಬಿದ್ದ ಬಿಳಿ, ಎಳೆಗೂಸುಗಳಿಗೆ ಇರುವಂಥದ್ದು. ಹಣೆಯ ಮೇಲೆ ಒಂದು ಸಣ್ಣ ಮಚ್ಚೆ ಇದೆ, ಇಷ್ಟು ದಿನ ನನಗೆ ಕಂಡೇ ಇರಲಿಲ್ಲ. ಮೂಗು ಪೂರ್ತಿ ಮೌನೇಶನದು. ಪಾಪ.

ಒಂದೇ ತೊಂದರೆ. ಕೂಸಿನ ತಲೆಗೆ ಆನಿಸಿದ ನನ್ನ ಕೈ ಸರಿ ಬಂದಿಲ್ಲ. ಸುಣ್ಣದಲ್ಲಿ ಅದ್ದಿದ ಹಾಗಿದೆ. ಮೇಣದ ಹತ್ತಿರ ಎಲ್ಲೋ ಬೆಳಕು ನುಸುಳುತ್ತಿರಬೇಕು.

ನವೆಂಬರ್ ೨೩, ರವಿವಾರ

ಮೌನೇಶ ಬಂದಿದ್ದ. ನೀಲಿಯ ಕಥೆ ಹೇಳಿದೆ. ಗಣಿತದ ಮನುಷ್ಯ, ತಕ್ಷಣ ತಿಳಿಯಿತು ಅವನಿಗೆ. "ತಪ್ಪು ಸೊನ್ನಿಯಿಂದ ಎಣಿಸಿದಂಗ ಆತು," ಅಂದ. ಎಷ್ಟೋ ದಿನದ ಮೇಲೆ ಒಬ್ಬರು ನನ್ನ ಮಾತು ಪೂರ್ತಿ ಕೇಳಿದರು. ಬಾಗಿಲ ಈಚೆ ನಾನು, ಆಚೆ ಅವನು.

ಹೊಸ ಚಿತ್ರ ತೋರಿಸಿದೆ. "ಈಗರೆ ಸಮಾಧಾನ ಆತಿಲ್ಲೋ?"

"ಇನ್ನಾ ಪೂರಾ ಸರಿ ಇಲ್ಲ. ನನ್ನ ಕೈ ನೋಡು, ಬಣ್ಣ ತಪ್ಪಾಗಿ ಬಂದದ. ಕೈ ತಪ್ಪು ಬಂದ್ರ ಕೂಸಿಂದು ಸರಿ ಅಂತ ಹೆಂಗ ನಂಬಲಿ?"

ಅವನ ಮುಖದಲ್ಲಿ, ಮಕ್ಕಳ ಡಾಕ್ಟರು ನಿದ್ದೆಯ ಮಾತು ಹೇಳಿದ ದಿನದ ನೋಟ ಬಂದು ಹೋಯಿತು. "ಡಾಕ್ಟರು ಹೇಳ್ಯಾರ, ರಕ್ತಪರೀಕ್ಷೆ ಆಗೇದ, ಚಿತ್ರಾನೂ ಬಂದದ. ಇನ್ನೇನು ಬೇಕು ಶೈಲೂ ನಿನಗ?"



ನವೆಂಬರ್ ೨೬, ಬುಧವಾರ

ಮೂರನೆಯದನ್ನು ಮಾಡಿದೆ. ಎರಡು ಮುಚ್ಚಳ ಒಂದರ ಮೇಲೊಂದು. ಮೇಣ ತೆಗೆದು ಕಪ್ಪು ಕಾಗದ. ಕೈ ಅದೇ. ಉಗುರಿನ ಬುಡ ಕೂಡ ಬೆಳ್ಳಗೆ. ಉಪ್ಪು ಸರಿ, ಸ್ಟೀಲು ಸರಿ, ಕೂಸು ಸರಿ.

ಕಿವಿಯಲ್ಲಿ ಮಿಲ್ಲಿನ ಸದ್ದು ನಿಲ್ಲುವುದೇ ಇಲ್ಲ. ಅಪ್ಪನನ್ನು ಕೇಳಿದೆ. ಬೆಲ್ಟು ಹರಿದು ಮಿಲ್ಲು ಎರಡು ದಿನದಿಂದ ಬಂದ್ ಆಗಿದೆಯಂತೆ.

ನವೆಂಬರ್ ೨೮, ಶುಕ್ರವಾರ

ಹೊಸ್ತಿಲ ಹತ್ತಿರ ಕಣ್ಣಿಗೆ ಕತ್ತಲೆ ಬಂತು. ಬಿದ್ದದ್ದು ಗೊತ್ತಾಗಲಿಲ್ಲ. ಕೈಯಲ್ಲಿ ಇದ್ದದ್ದು ಕ್ಯಾಮೆರಾ, ಕೂಸಲ್ಲ. ಲೆನ್ಸಿನ ಅಂಚು ನೆಗ್ಗಿದೆ. ಅವ್ವನಿಗೆ ಸೆರಗು ಕಾಲಿಗೆ ಸಿಕ್ಕಿತು ಎಂದು ಹೇಳಿದೆ. ಕೂಸು ಇದ್ದಿದ್ದರೆ ಎನ್ನುವುದನ್ನು ಬರೆಯುವುದಿಲ್ಲ.

ಇನ್ನು ಮೇಲೆ ಕೂತೇ ಎತ್ತಿಕೊಳ್ಳುತ್ತೇನೆ.

ನವೆಂಬರ್ ೩೦, ರವಿವಾರ

ಪರೀಕ್ಷೆಯ ಪೇಪರು ತಿದ್ದುವುದಿದೆ ಎಂದು ಮೌನೇಶ ಬರಲಿಲ್ಲ. ನನಗೂ ಮಾತಾಡುವ ತ್ರಾಣ ಇರಲಿಲ್ಲ, ಒಳ್ಳೆಯದೇ ಆಯಿತು.

ಜಾಹೆದಾಳಿಗೆ ಚಿತ್ರ ಕಳಿಸಿದೆ. ಬಿ.ಎಸ್ಸಿ.ಯ ಮೂರು ವರ್ಷ ಒಂದೇ ಬೆಂಚು. ಈಗ ರಾಯಚೂರಿನಲ್ಲಿ ಮದುವೆಗಳಲ್ಲಿ ಹೆಂಗಸರ ಕಡೆಯ ಫೋಟೋ ಅವಳದೇ. ನನ್ನ ಮದುವೆಯಾದ ಮೇಲೆ ಹಬ್ಬಕ್ಕೊಂದು ಮೆಸೇಜು ಬಿಟ್ಟರೆ ಮಾತಿಲ್ಲ. ಫಿಲ್ಟರ್ ಮಾಡಿದ ರೀತಿ ಎಲ್ಲ ಬರೆದು, ಎಲ್ಲಿ ಬೆಳಕು ಸೋರುತ್ತಿದೆ ಹೇಳು ಎಂದು ಕೇಳಿದೆ. ಅರ್ಧ ಗಂಟೆಯಾದ ಮೇಲೆ ಅವಳೇ ಫೋನ್ ಮಾಡಿದಳು.

"ಅರೆ, ಎಷ್ಟ್ ಚಂದ ಕೂಸು ಹಡೆದೀಯಲೇ, ಒಂದು ಮಾತು ಹೇಳಬಾರದ? ಸರಿ, ಅದು ಆಮ್ಯಾಲೆ ಬೈತೀನಿ. ಈ ಕೈ ಯಾರದು?"

"ನಂದೇ. ಅದ ತಪ್ಪು ಬಂದದ. ಫಿಲ್ಟರ್‌ದಾಗ ಎಲ್ಲೋ..."

"ಫಿಲ್ಟರ್‌ದಾಗ ಏನೂ ಇಲ್ಲ. ಕೂಸಿಂದು ಸರಿ ಬಂದದ, ಹಾಸಿಗಿದು ಸರಿ ಬಂದದ. ನಿನ್ನ ಕೈ ಒಂದಕ್ಕ ಬ್ಯಾರೆ ಬಲ್ಬು ಹಚ್ಚೀಯೇನು?"

"ಮತ್ತ?"

ಫೋನು ಕಟ್ಟಾಯಿತೇನೋ ಎಂದು ನೋಡಿಕೊಂಡೆ.

"ಶೈಲೂ, ಊಟಕ್ಕ ಏನ್ ಕೊಡಾಕತ್ತಾರ?" ಅಂದಳು. ಹೇಳಿದೆ. ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತದೇನು ಎಂದಳು. ಮೆಟ್ಟಿಲು ಬೇಡ, ಕೂತು ಎದ್ದರೂ ಬರುತ್ತದೆ ಎಂದೆ. ಬಿದ್ದದ್ದನ್ನೂ ಹೇಳಿಬಿಟ್ಟೆ, ಯಾಕೆ ಹೇಳಿದೆನೋ. ಅವಳು ಇನ್ನೂ ಏನೇನೋ ಕೇಳಿದಳು. ಫಿಲ್ಟರ್ ಬಗ್ಗೆ ಮಾತ್ರ ಒಂದೂ ಕೇಳಲಿಲ್ಲ.

ಡಿಸೆಂಬರ್ ೨, ಮಂಗಳವಾರ

ರಾಯಚೂರಿನ ಆಸ್ಪತ್ರೆಯ ವಾರ್ಡಿನಲ್ಲಿ ಬರೆಯುತ್ತಿದ್ದೇನೆ. ಎಡಗೈಯಲ್ಲಿ ಸೂಜಿ ಇದೆ. ಬಲಗೈ ಬಿಡುವಾಗಿದೆ.

ನಿನ್ನೆ ಬೆಳಿಗ್ಗೆ ಮೊದಲ ಬಸ್ಸಿಗೇ ಜಾಹೆದಾ ಬಂದುಬಿಟ್ಟಳು. ಹೆಗಲಿಗೆ ಕ್ಯಾಮೆರಾ ಚೀಲ, ಕೈಯಲ್ಲಿ ಕೂಸಿಗೆ ಟೊಪ್ಪಿಗೆ. ಅವ್ವನಿಗೆ ಸಲಾಮು ಹೇಳಿ, ಕೈಕಾಲು ತೊಳೆದು, ಕೂಸನ್ನು ನೋಡಿ, ಚಹಾ ಕುಡಿದು, ಆಮೇಲೆ ಕೇಳಿದಳು: "ಅಮ್ಮಾ, ಒಂದೈದು ನಿಮಿಷ ಈ ಕಿಟಕಿ ಕೌದಿ ತೆಗೀಲೇನ್ರಿ?"

"ಗಾಳಿ ಬಡೀತದವ್ವ."

"ಕೂಸಿನ್ನ ನೀವು ಆಚಿ ಕೋಣಿಗೆ ಒಯ್ರಿ. ಗಾಳಿ ನಮಗಿಬ್ಬರಿಗೆ ಬಡೀಲಿ."

ಅವ್ವ ಗೊಣಗುತ್ತ ಕೂಸನ್ನು ಬೂದೆಮ್ಮನ ಕೈಗೆ ಕೊಟ್ಟು ಬಂದಳು. ಕೌದಿ ಇಳಿಯಿತು. ಅಷ್ಟು ಬೆಳಕು ನೋಡಿ ನನಗೆ ಮೊದಲು ನಾಚಿಕೆಯಾಯಿತು, ಸೀರೆ ಎಷ್ಟು ಮಾಸಿತ್ತು. ಜಾಹೆದಾ ನನ್ನ ಮುಚ್ಚಳದ ಫಿಲ್ಟರನ್ನು ತಿರುಗಿಸಿ ನೋಡಿ, "ಛಲೋ ಮಾಡೀದಿ," ಅಂದಳು. ಅದನ್ನೇ ತನ್ನ ಲೆನ್ಸಿಗೆ ಹಿಡಿದು ಬೆಳಕು ಅಳೆದಳು. ಆಮೇಲೆ ಹಾಸಿಗೆಯ ಮೇಲೆ ತನ್ನ ಎಡಗೈಯನ್ನು ಅಂಗೈ ಮೇಲಾಗಿ ಇಟ್ಟಳು. ಅದರ ಪಕ್ಕ ನನ್ನದು ಇಡಿಸಿದಳು.

"ನೀವೂ ಇಡ್ರಿ ಅಮ್ಮಾ."

"ನಂದ್ಯಾಕವ್ವ, ಮುದುಕಿ ಕೈ."

"ಇಡ್ರಿ, ಬಿಲ್ಲು ಕೇಳಂಗಿಲ್ಲ."

ಅವ್ವ ಇಟ್ಟಳು. ಜಾಹೆದಾ ಕ್ಲಿಕ್ ಮಾಡಿ ಪರದೆಯನ್ನು ಅವ್ವನ ಮುಂದೆ ಹಿಡಿದಳು. ನಾನೂ ಬಗ್ಗಿ ನೋಡಿದೆ. ಎರಡು ಕೈಗಳು ಮಣ್ಣಿನ ಬಣ್ಣ, ಗುಲಾಬಿ ಬಣ್ಣ, ಗೆರೆಗೆರೆಯಲ್ಲಿ ಕೆಂಪು. ನಡುವಿನದು ಮೇಣದ ಕೈ.

ಅವ್ವ ಪರದೆಯನ್ನು ಬಿಟ್ಟು ಹಾಸಿಗೆಯ ಮೇಲಿನ ಕೈಗಳನ್ನು ನೋಡಿದಳು. ನನ್ನ ಅಂಗೈಯನ್ನು ತನ್ನ ಹೆಬ್ಬೆರಳಿನಿಂದ ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು. ಮತ್ತೆ ಮತ್ತೆ. ಬಣ್ಣ ಬರಲಿ ಎಂದು ಕಾಯುತ್ತಿದ್ದಳೆಂದು ಕಾಣುತ್ತದೆ.

"ದಿನಾ ಈ ಕೈಯಾಗ ತಾಟು ಕೊಟ್ಟೀನಿ," ಅಂದಳು. ಯಾರಿಗೆ ಹೇಳಿದಳೋ.

ಕಾರು, ಆಸ್ಪತ್ರೆ. ಡಾಕ್ಟರಮ್ಮ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ನಾನು ಅಭ್ಯಾಸಬಲದಿಂದ ಕೂಸನ್ನು ಮುಂದೆ ಮಾಡಿದೆ. "ಕೂಸಿನ್ನ ಅವರ ಕೈಗೆ ಕೊಡ್ರಿ, ನಿಮ್ಮನ್ನ ನೋಡಬೇಕಾಗೇದ ನಾ," ಅಂದರು. ರಕ್ತದಲ್ಲಿ ಹಿಮೋಗ್ಲೋಬಿನ್ ಐದೂವರೆಗೆ ಇಳಿದಿದೆಯಂತೆ, ಹನ್ನೆರಡು ಇರಬೇಕಾದದ್ದು. ಇನ್ನೊಂದಿಷ್ಟು ದಿನ ಬಿಟ್ಟಿದ್ದರೆ ಹೃದಯ ಸೋಲುತ್ತಿತ್ತು ಎಂದು ಅವ್ವನಿಗೆ ಬಿಡಿಸಿ ಹೇಳಿದರು. ಮಾತ್ರೆಯ ವಿಷಯ ಬಂದಾಗ ಅವ್ವ, "ನಾನ ಮ್ಯಾಲ ಇಟ್ಟಿದ್ದೆ," ಅಂದಳು. ಡಾಕ್ಟರಮ್ಮ ಬೈಯಲು ತಯಾರಾಗಿದ್ದವರು ಅವಳ ಮುಖ ನೋಡಿ ಚೀಟಿ ಬರೆಯತೊಡಗಿದರು.

ನನಗೆ ಇನ್ನೂ ಒಂದು ಅರ್ಥವಾಗುವುದಿಲ್ಲ. ಇಷ್ಟು ದಿನ ಆ ಚಿತ್ರಗಳನ್ನು ನೋಡಿದೆನಲ್ಲ. ನೋಡಿದ್ದು ಕೂಸನ್ನು.

ಮೌನೇಶ ಮಸರಕಲ್ಲಿನಿಂದ ಯಾರದೋ ಬೈಕಿನಲ್ಲಿ ಬಂದ. ನನಗೆ ಏರಿಸುವ ರಕ್ತದ ಬಾಟಲಿಗೆ ಬದಲಾಗಿ ತನ್ನ ರಕ್ತ ಕೊಟ್ಟು, ಹತ್ತಿ ಹಿಡಿದ ತೋಳು ಮಡಚಿಕೊಂಡೇ ಮಂಚದ ಹತ್ತಿರ ಕೂತ. ಇಲ್ಲಿ ಹೊಸ್ತಿಲಿಲ್ಲ. ಬಹಳ ಹೊತ್ತು ನನ್ನ ಬಲಗೈ ಹಿಡಿದುಕೊಂಡಿದ್ದ.

"ತೋರಿಸಿದ್ದಿ ನೀ ನನಗ," ಅಂದ. "ಕೈ ನೋಡು ಅಂದಿದ್ದಿ. ನಾ ನೋಡಲಿಲ್ಲ."

"ನಾನೂ ನೋಡಿರಲಿಲ್ಲ," ಎಂದೆ. ಅದು ಅವನಿಗೆ ಸಮಾಧಾನ ಕೊಟ್ಟ ಹಾಗೆ ಕಾಣಲಿಲ್ಲ.

ಡಿಸೆಂಬರ್ ೫, ಶುಕ್ರವಾರ

ಇಲ್ಲಿಯ ಕಿಟಕಿ ಪೂರ್ವಕ್ಕಿದೆ. ಬೆಳಿಗ್ಗೆ ಮುಖ ತೊಳೆದು ಬಂದ ಅವ್ವ ಕೂಸಿನ ಕಡೆ ಹೋಗಲಿಲ್ಲ. ನೇರ ನನ್ನ ಹತ್ತಿರ ಬಂದು, ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಎಳೆದು ಒಳಗೆ ನೋಡಿದಳು. ಒಂದು ಕಣ್ಣು, ಆಮೇಲೆ ಇನ್ನೊಂದು. ಅವಳ ಕೈಯಲ್ಲಿ ಬೆಳ್ಳುಳ್ಳಿಯ ವಾಸನೆ.

"ಹೆಂಗದ?" ಎಂದೆ.

"ನಿನ್ನೆಗಿಂತ ಅಡ್ಡಿಯಿಲ್ಲ. ಇನ್ನಾ ಬರಬೇಕು."

ಟಿಫಿನ್ ಡಬ್ಬಿ ಬಿಚ್ಚಿದಳು. ಜೋಳದ ರೊಟ್ಟಿ, ರಾಜಗಿರಿ ಪಲ್ಯ, ಗಟ್ಟಿ ಬೇಳೆ, ಇನ್ನೊಂದರಲ್ಲಿ ಜಾಹೆದಾಳ ಮನೆಯಿಂದ ಬಂದ ಖರ್ಜೂರ. ತಾಟಿಗೆ ಹಾಕುವಷ್ಟರಲ್ಲಿ ಕೂಸು ಎದ್ದು ಅಳಲು ಶುರು ಮಾಡಿತು. ನಾನು ಕಾಲು ಕೆಳಗಿಟ್ಟೆ. ಅವ್ವ ಭುಜದ ಮೇಲೆ ಕೈಯಿಟ್ಟು ಕೂರಿಸಿದಳು.

"ಅಳ್ಲಿ ಬಿಡು. ನೀ ಮೊದಲ ಉಣ್ಣು."

"ಹಸಿವಾಗೇದ ಅದಕ್ಕ."

"ನಿನಗ ಹಸ್ದಿಲ್ಲೇನು?"

ಹಸಿವಾಗಿತ್ತು. ಕೇಳಿದ ಮೇಲೆ ಗೊತ್ತಾಯಿತು, ಬಹಳ ಹಸಿವಾಗಿತ್ತು. ಅವ್ವ ಕೂಸನ್ನು ಹೆಗಲಿಗೆ ಹಾಕಿಕೊಂಡು ವಾರ್ಡಿನ ಉದ್ದಕ್ಕೂ ತಟ್ಟುತ್ತ ನಡೆದಳು. ಅಳು ಆ ತುದಿಗೆ ಹೋಯಿತು, ಈ ತುದಿಗೆ ಬಂತು. ನಾನು ಎರಡನೆಯ ರೊಟ್ಟಿ ಮುರಿದೆ.